ಜಾಝ್‌ನಲ್ಲಿ ಖಾಲಿ ಬಿಡುವ ಜಾಗ

(ಬಸವನಗುಡಿಯಲ್ಲಿ ಒಂದು ಸಂಜೆ, ಸಂಗೀತ ಕಲಿಯುತ್ತಿರುವವರ ಎದುರು ಮಾತಾಡಿದ್ದರ ಬರಹ ರೂಪ. ಪಿಯಾನೊದಲ್ಲಿ ನುಡಿಸಿ ತೋರಿಸಿದ ಕಡೆಗಳನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಕರ್ನಾಟಕ ಸಂಗೀತ ಕಲಿತವರು, ಕಲಿಯುತ್ತಿರುವವರು. ಒಬ್ಬಿಬ್ಬರು ಗಿಟಾರ್ ಹೊತ್ತು ತಂದಿದ್ದೀರಿ. ನನಗೆ ಕೊಟ್ಟ ವಿಷಯ, ಜಾಝ್ ರಚಿಸುವಾಗ, ನುಡಿಸುವಾಗ ನಮ್ಮ ಸ್ವಂತ ಭಾವನೆಗಳನ್ನು ಹೇಗೆ ಹೇಳಿಕೊಳ್ಳುತ್ತೇವೆ ಅನ್ನೋದು. ಇದನ್ನು ಕೇಳಿದ ತಕ್ಷಣ ತುಂಬ ಜನರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಕಣ್ಣು ಮುಚ್ಚಿಕೊಂಡು, ಬೆವರು ಸುರಿಸಿಕೊಂಡು, ಎದೆಯಲ್ಲಿದ್ದದ್ದನ್ನೆಲ್ಲ ಸ್ಯಾಕ್ಸೊಫೋನಿಗೆ ಊದಿಬಿಡುವ ಒಬ್ಬ ಮನುಷ್ಯ. ‘ಮನಸ್ಸಿಗೆ ಬಂದದ್ದನ್ನ ನುಡಿಸೋದೇ ಜಾಝ್ ಅಲ್ವಾ?’ ಅಂತ ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ.

ನನ್ನ ಅನುಭವ ಬೇರೆ. ಮನಸ್ಸಿಗೆ ಬಂದದ್ದು ಹಾಗೇ ಹೊರಗೆ ಬಂದರೆ ಅದು ನಮಗೆ ಮಾತ್ರ ಕೇಳಿಸುತ್ತದೆ. ಎದುರು ಕೂತವರಿಗೆ ಮುಟ್ಟಬೇಕಾದರೆ ಕಟ್ಟಬೇಕು. ಅದರಲ್ಲೂ ಜಾಝ್ ರಚಿಸುವವರಿಗೆ ಒಂದು ವಿಚಿತ್ರ ಜವಾಬ್ದಾರಿ ಇದೆ. ಏನು ಬರೆಯಬೇಕು ಅನ್ನೋದರ ಜೊತೆಗೆ ಎಷ್ಟು ಜಾಗವನ್ನು ಬರೆಯದೇ ಬಿಡಬೇಕು, ಆ ಜಾಗವನ್ನು ಯಾರ ಕೈಗೆ ಒಪ್ಪಿಸಬೇಕು ಅಂತ ಯೋಚಿಸಬೇಕು. ನಮ್ಮ ಭಾವನೆ ನಿಜವಾಗಿ ಉಳಿಯೋದು ಆ ಖಾಲಿ ಜಾಗದಲ್ಲಿ ಅಂತ ನಾನು ನಂಬಿದ್ದೇನೆ. ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ಮೊದಲು ಚೌಕಟ್ಟಿನ ವಿಷಯ, ಬೇಗ ಮುಗಿಸುತ್ತೇನೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದವರಿಗೆ ಇದು ಸಲೀಸಾಗಿ ಅರ್ಥ ಆಗುತ್ತದೆ. ಕೃತಿ ಮೊದಲೇ ಕಟ್ಟಿದ್ದು. ಆಮೇಲೆ ಅದರದೇ ಒಂದು ಸಾಲು ಹಿಡಿದು ನೆರವಲ್ (ಆ ಸಾಲನ್ನೇ ಬೇರೆ ಬೇರೆ ರೀತಿ ಹಾಡುವುದು), ಕಲ್ಪನಾಸ್ವರ (ಸ್ಥಳದಲ್ಲೇ ಸ್ವರ ಕಟ್ಟಿ ಹಾಡುವುದು). ಅಲ್ಲಿ ಹಾಡುವವರ ಮನೋಧರ್ಮ. ಆದರೂ ರಾಗ ಬಿಡುವಂತಿಲ್ಲ, ತಾಳ ತಪ್ಪುವಂತಿಲ್ಲ, ಎಡುಪಿಗೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ಸೇರಬೇಕು. ಜಾಝ್‌ನಲ್ಲೂ ಒಂದು ಟ್ಯೂನ್ ಇರುತ್ತದೆ. 12 ಬಾರ್‌ಗಳ ಬ್ಲೂಸ್ (ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಬಗೆ) ಇರಬಹುದು, 32 ಬಾರ್‌ಗಳ ಹಾಡು ಇರಬಹುದು. ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ. 32ರದ್ದನ್ನು ಎಂಟೆಂಟರ ನಾಲ್ಕು ಭಾಗ ಮಾಡಿರುತ್ತಾರೆ. ಮೊದಲ ಎಂಟು, ಅದೇ ಇನ್ನೊಮ್ಮೆ, ಬೇರೆ ದಾರಿಯ ಒಂದು ಎಂಟು, ಮತ್ತೆ ಮೊದಲಿನದೇ. ಟ್ಯೂನ್ ಮುಗಿದ ಮೇಲೂ ಆ ಚೌಕಟ್ಟು ಆವರ್ತದಂತೆ ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿಗೆ ಕೋರಸ್ ಅನ್ನುತ್ತಾರೆ. ಸರದಿಯ ಮೇಲೆ ಒಬ್ಬೊಬ್ಬರೂ ಅದರ ಮೇಲೆ ತಮ್ಮ ಮಾತು ಹೇಳುತ್ತಾರೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ತಂಬೂರಿ ಕದಲುವುದಿಲ್ಲ. ಷಡ್ಜ ಎಲ್ಲಿತ್ತೋ ಅಲ್ಲೇ ಇರುತ್ತದೆ, ಪಂಚಮ ಯಾವತ್ತಿಗೂ ಪಂಚಮವೇ. ಜಾಝ್‌ನಲ್ಲಿ ನೀವು ಪಂಚಮ ಹಿಡಿದು ನಿಂತಿದ್ದರೂ ಕಾಲ ಕೆಳಗಿನ ನೆಲ ಸರಿಯುತ್ತದೆ. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಕೆಲವು ಸ್ವರಗಳ ಗುಂಪು. ಸಿ ಮೇಜರ್ ಕಾರ್ಡಿನ ಮೇಲೆ ಜಿ ಸ್ವರ, ಅಂದರೆ ಸಿ ಷಡ್ಜ ಆದಾಗಿನ ಪಂಚಮ, ನೆಮ್ಮದಿಯಾಗಿ ಕೂರುತ್ತದೆ. ಅದೇ ಜಿ ಹಿಡಿದುಕೊಂಡು ಎಡಗೈಯಲ್ಲಿ ಎ ಮೈನರ್ ಒತ್ತಿದೆ, ಕೇಳಿದಿರಲ್ಲ? ಈಗ ಅದು ಏಳನೇ ಸ್ವರ. ಸ್ವಲ್ಪ ಮಂಕಾಯಿತು. ಎಫ್ ಮೇಜರ್ ಒತ್ತಿದರೆ ಒಂಬತ್ತನೆಯದು, ಎಲ್ಲೋ ದೂರಕ್ಕೆ ಹೋಯಿತು. ಇ ಫ್ಲಾಟ್ ಮೇಜರ್ ಒತ್ತಿದರೆ ಮೂರನೆಯದು, ಇದ್ದಕ್ಕಿದ್ದಂತೆ ಬೆಚ್ಚಗಾಯಿತು. ಮೇಲಿನ ಬೆರಳು ಅಲುಗಾಡಲೇ ಇಲ್ಲ. ಒಬ್ಬ ಮನುಷ್ಯ ಒಂದೇ ಮಾತನ್ನು ಹೇಳುತ್ತಿದ್ದಾನೆ, ಸುತ್ತಲಿನ ಪರಿಸ್ಥಿತಿ ಬದಲಾಗಿ ಆ ಮಾತಿನ ಅರ್ಥವೇ ಬದಲಾಗುತ್ತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಂದೇ ಒಂದು ಕೋರಸ್ ಬಗ್ಗೆ ಹೇಳುತ್ತೇನೆ. 12 ಬಾರ್, ಅಷ್ಟೇ.

1957ರ ಡಿಸೆಂಬರ್ 8. ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಜಾಝ್ ಬಗ್ಗೆ ಒಂದು ಕಾರ್ಯಕ್ರಮ. ಗಾಯಕಿ ಬಿಲಿ ಹಾಲಿಡೇ ಒಂದು ಎತ್ತರದ ಸ್ಟೂಲ್ ಮೇಲೆ ಕೂತು ತಾನೇ ಬರೆದ ಒಂದು ನಿಧಾನಗತಿಯ ಬ್ಲೂಸ್ ಹಾಡುತ್ತಾಳೆ. ತನ್ನನ್ನು ಸರಿಯಾಗಿ ನಡೆಸಿಕೊಳ್ಳದ ಗಂಡಸಿನ ಬಗ್ಗೆ ಆ ಹಾಡು. ಸುತ್ತ ಆ ಕಾಲದ ಘಟಾನುಘಟಿಗಳು. ಅವರಲ್ಲಿ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಕೂಡ ಇದ್ದಾನೆ. ಬಿಲಿಗೆ ‘ಲೇಡಿ ಡೇ’ ಅಂತ ಹೆಸರಿಟ್ಟವನು ಅವನೇ. ಅವನನ್ನು ‘ಪ್ರೆಸ್’ (ಪ್ರೆಸಿಡೆಂಟ್‌ನ ಚುಟುಕು) ಅಂತ ಕರೆದವಳು ಅವಳು. ಇಬ್ಬರೂ ಹಿಂದೆ ತುಂಬ ರೆಕಾರ್ಡಿಂಗ್‌ಗಳಲ್ಲಿ ಜೊತೆಗಿದ್ದವರು. ಈಗ ಇಬ್ಬರ ಆರೋಗ್ಯವೂ ಹದಗೆಟ್ಟಿದೆ. ಲೆಸ್ಟರ್ ಎದ್ದು ನಿಲ್ಲುತ್ತಾನೆ, ಒಂದು ಕೋರಸ್ ನುಡಿಸುತ್ತಾನೆ.

ಆ ವಿಡಿಯೋ ಇವತ್ತೂ ಸಿಗುತ್ತದೆ, ಮನೆಗೆ ಹೋಗಿ ನೋಡಿ. ಮೊದಲ ಸಲ ನೋಡುವಾಗ ‘ಇದೇನು, ಇಷ್ಟೇನಾ?’ ಅನ್ನಿಸಬಹುದು. ಸ್ವರಗಳು ಅಷ್ಟು ಕಡಿಮೆ. ವೇಗ ಇಲ್ಲ, ಏರು ಸ್ಥಾಯಿಯ ಕೂಗಾಟ ಇಲ್ಲ. ಒಂದು ಸಣ್ಣ ಸಾಲು ಹೇಳುತ್ತಾನೆ, ನಿಲ್ಲುತ್ತಾನೆ. ಇನ್ನೊಂದು ಹೇಳುತ್ತಾನೆ, ಮತ್ತೆ ನಿಲ್ಲುತ್ತಾನೆ. ನಡುವೆ ಕ್ಯಾಮೆರಾ ಬಿಲಿಯ ಮುಖ ತೋರಿಸುತ್ತದೆ. ಅವಳು ತಲೆದೂಗುತ್ತಾಳೆ, ಅರ್ಧ ನಗುತ್ತಾಳೆ. ಅವನು ಬಿಟ್ಟ ಜಾಗವನ್ನು ಅವಳ ಮುಖ ತುಂಬುತ್ತಿದೆ. ಅವನ ಮನಸ್ಸಿನಲ್ಲಿ ಆ ಹೊತ್ತು ಏನಿತ್ತು ಅಂತ ಯಾರೂ ಕೇಳಬೇಕಾಗಿಲ್ಲ. ಆ ನಿಲುಗಡೆಗಳು ಇಲ್ಲದೇ ಹೋಗಿದ್ದರೆ, ಅವನು 12 ಬಾರ್ ಪೂರ್ತಿ ತುಂಬಿಸಿದ್ದರೆ, ಅವಳಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಹಾಡುವವರು ಇಲ್ಲಿ ಜಾಸ್ತಿ ಇದ್ದೀರಿ, ಹಾಗಾಗಿ ಬಿಲಿಯ ದನಿ ಬಗ್ಗೆ ಒಂದು ಮಾತು. ಅವಳ ದನಿಯ ಹರವು ಒಂದು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವಳ ಶಕ್ತಿಯೆಲ್ಲ ಕಾಲದಲ್ಲಿತ್ತು. ತಾಳ ಬಿದ್ದ ಮೇಲೆ, ಒಂದು ಚೂರು ತಡವಾಗಿ ಪದ ಬಿಡುತ್ತಿದ್ದಳು. ಬ್ಯಾಂಡ್ ಮುಂದೆ ಹೋಗುತ್ತಿದೆ, ಅವಳು ಹಿಂದೆ ಉಳಿದು ಇನ್ನೂ ಯೋಚಿಸುತ್ತಿದ್ದಾಳೆ ಅನ್ನಿಸುತ್ತದೆ. ಹೇಳಲೋ ಬೇಡವೋ ಅನ್ನುವ ಹಿಂಜರಿಕೆ ಆ ತಡದಲ್ಲೇ ಕೇಳುತ್ತದೆ. ಸಾಹಿತ್ಯದಲ್ಲಿ ಅದು ಬರೆದಿಲ್ಲ.

1959ರ ಮಾರ್ಚ್ 15ಕ್ಕೆ ಲೆಸ್ಟರ್ ತೀರಿಕೊಂಡ. ಅದೇ ಜುಲೈ 17ಕ್ಕೆ ಬಿಲಿ.

ಲೆಸ್ಟರ್ ಹೋದ ಎರಡು ತಿಂಗಳಿಗೆ, ಅಂದರೆ ಮೇ ತಿಂಗಳಲ್ಲಿ, ಚಾರ್ಲ್ಸ್ ಮಿಂಗಸ್ ಅನ್ನುವ ಬೇಸ್ (ನಿಂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಒಂದು ಟ್ಯೂನ್ ರೆಕಾರ್ಡ್ ಮಾಡಿದ. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’. ಲೆಸ್ಟರ್ ಯಾವಾಗಲೂ ಹಾಕಿಕೊಳ್ಳುತ್ತಿದ್ದ ಚಪ್ಪಟೆ ಟೋಪಿಯ ಹೆಸರು ಅದು. ಸತ್ತವನ ಹೆಸರಿಲ್ಲ, ಸಾವು ಅನ್ನುವ ಪದ ಇಲ್ಲ, ಟೋಪಿ ಇದೆ. ಟ್ಯೂನ್ 12 ಬಾರ್‌ನದೇ, ಲೆಸ್ಟರ್ ಜೀವನವಿಡೀ ನುಡಿಸಿದ ಬ್ಲೂಸ್‌ನ ಅಳತೆಯದೇ. ಆದರೆ ಕೆಳಗಿನ ಕಾರ್ಡ್‌ಗಳನ್ನು ಮಿಂಗಸ್ ಪೂರ್ತಿ ಬದಲಿಸಿದ್ದಾನೆ. ಮೇಲಿನ ರಾಗದ ಎಳೆ ಬ್ಲೂಸ್‌ನದು, ಕಿವಿಗೆ ಪರಿಚಿತ. ಕೆಳಗಿನ ನೆಲ ಪರಿಚಿತ ಅಲ್ಲ, ಹೆಜ್ಜೆ ಹೆಜ್ಜೆಗೂ ಸರಿಯುತ್ತದೆ. ಹತ್ತಿರದವರು ಹೋದ ಮೊದಲ ವಾರ ಮನೆ ಅದೇ ಇರುತ್ತದೆ, ಮನೆಯಲ್ಲಿ ಯಾವುದೂ ಮೊದಲಿನ ಜಾಗದಲ್ಲಿ ಇಲ್ಲ ಅನ್ನಿಸುತ್ತದೆ, ಹಾಗೆ. ಮಿಂಗಸ್ ಅದನ್ನು ಕಾರ್ಡ್‌ಗಳಲ್ಲಿ ಕಟ್ಟಿದ್ದಾನೆ. ಕಟ್ಟಿ, ಸೋಲೋ ಜಾಗವನ್ನು, ಅಂದರೆ ಒಬ್ಬರೇ ಕಲ್ಪಿಸಿ ನುಡಿಸುವ ಜಾಗವನ್ನು, ಬೇರೆಯವನಿಗೆ ಬಿಟ್ಟಿದ್ದಾನೆ. ಅಲ್ಲಿ ಟೆನರ್ ಸ್ಯಾಕ್ಸೊಫೋನ್ ಊದಿದವನು ಜಾನ್ ಹ್ಯಾಂಡಿ. ಒಂದು ಕಡೆ ಅವನು ನಾಲಿಗೆ ನಡುಗಿಸಿ ಸ್ವರವನ್ನೇ ನಡುಗಿಸುತ್ತಾನೆ. ಮಿಂಗಸ್ ತನ್ನ ದುಃಖಕ್ಕೆ ಮನೆ ಕಟ್ಟಿದ, ಒಳಗೆ ಬಂದು ಅತ್ತವನು ಹ್ಯಾಂಡಿ.

ಈ ಜಾನ್ ಹ್ಯಾಂಡಿ ನಮಗೆ ದೂರದವನಲ್ಲ. 1980ರಲ್ಲಿ ಬಾಂಬೆ ಜಾಝ್ ಉತ್ಸವಕ್ಕೆ ಬಂದಾಗ ಅಲ್ಲಿ ಒಬ್ಬರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುವುದನ್ನು ಕೇಳಿ, ನಿಮ್ಮ ಜೊತೆ ನಾನೂ ನುಡಿಸಬಹುದಾ ಅಂತ ಕೇಳಿದವನು ಅವನೇ. ಆ ಒಬ್ಬರು ನಮ್ಮ ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲ್ಲೂಕಿನ ಹುಡುಗ, ನಾಗಸ್ವರದ ಮನೆತನ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತು ಅದನ್ನೇ ಹಿಡಿದರು. ಲೆಸ್ಟರ್‌ಗಾಗಿ ಅತ್ತ ಉಸಿರು ಕದ್ರಿಯವರ ಗಮಕದ ಪಕ್ಕ ನಿಂತಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ತುಂಬ ಸಂತೋಷ ಆಗುತ್ತದೆ. ಜಾಝ್ ನಮ್ಮದಲ್ಲ, ದೂರದ್ದು ಅಂತ ಹೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಇನ್ನೊಂದು ಎಳೆ ನೇರ ಬೆಂಗಳೂರಿಗೇ ಬರುತ್ತದೆ. ಇದೇ ಮಿಂಗಸ್ 1963ರಲ್ಲಿ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ ಅನ್ನುವ ದೊಡ್ಡ ರಚನೆ ಮಾಡಿದ. ಅದರ ರೆಕಾರ್ಡ್ ಹೊದಿಕೆಯ ಮೇಲಿನ ಟಿಪ್ಪಣಿಯ ಒಂದು ಭಾಗವನ್ನು ಅವನು ಬರೆಸಿದ್ದು ಯಾರಿಂದ ಗೊತ್ತಾ? ತನಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರಿಂದ. ತನ್ನ ಸಿಟ್ಟು, ಒಂಟಿತನ, ಪ್ರೀತಿ ಎಲ್ಲ ಈ ಸಂಗೀತದಲ್ಲಿದೆ, ಅದನ್ನು ಬಲ್ಲವರೇ ಬರೆಯಲಿ ಅಂತ ಇರಬಹುದು. ಆ ರೆಕಾರ್ಡಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವನು ಚಾರ್ಲಿ ಮರಿಯಾನೊ. ಮುಂದೆ ಅವನು ಏಷ್ಯಾಕ್ಕೆ ಬಂದು ನಾಗಸ್ವರ ಕಲಿತ. ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಅನ್ನುವ ರೆಕಾರ್ಡ್ ತಂದ. ಅದರಲ್ಲಿ ಹಾಡಿದವರು ಆರ್.ಎ. ರಮಾಮಣಿಯವರು. ರಮಾಮಣಿಯವರ ದನಿ ಕೇಳಿ, ಅದಾದ ಮೇಲೆ ಮರಿಯಾನೊ ಹೇಗೆ ಬರುತ್ತಾನೆ ಕೇಳಿ. ಅವಸರ ಇಲ್ಲ. ಅವರು ಮುಗಿಸಲಿ ಅಂತ ಕಾಯುತ್ತಾನೆ. ಮಿಂಗಸ್‌ನ ಆ ಬಿರುಗಾಳಿಯಲ್ಲಿ ನುಡಿಸಿದ ಮನುಷ್ಯ ಇಲ್ಲಿ ಎಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ ಅನ್ನೋದೇ ನನಗೆ ದೊಡ್ಡ ಪಾಠ.

ಈಗ ನನ್ನ ವಾದ್ಯಕ್ಕೆ ಬರುತ್ತೇನೆ. ಪಿಯಾನೊದಲ್ಲಿ ಗಮಕ ಇಲ್ಲ. ವೀಣೆ ಕಲಿಯುವವರು ಇದನ್ನು ಕೇಳಿ ಪಾಪ ಅನ್ನಬಹುದು. ಕೀಲಿ ಒತ್ತಿದರೆ ಸ್ವರ ಬಂತು, ಎಳೆಯೋಕೆ, ಜಾರಿಸೋಕೆ ಆಗಲ್ಲ. ಬ್ಲೂಸ್‌ನ ಅಳು ಇರೋದು ಮಾತ್ರ ಜಾರುವ ಸ್ವರದಲ್ಲೇ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರದ ನಡುವೆ ಎಲ್ಲೋ ಒಂದು ಕಡೆ ಅದು ಇರುತ್ತದೆ. ಹಾಡುವವರು, ಊದುವವರು, ತಂತಿ ಎಳೆಯುವವರು ಅದನ್ನು ಮುಟ್ಟುತ್ತಾರೆ. ಪಿಯಾನೊದವರು? ಎರಡನ್ನೂ ಒಟ್ಟಿಗೆ ಒತ್ತುತ್ತೇವೆ. ಇ ಫ್ಲಾಟ್ ಕಪ್ಪು ಕೀಲಿ, ಪಕ್ಕದ ಇ ಬಿಳಿ ಕೀಲಿ. ಎರಡೂ ಒಟ್ಟಿಗೆ ಒತ್ತಿ ಕಪ್ಪನ್ನು ತಕ್ಷಣ ಬಿಡಬೇಕು. ಆ ಒಂದು ಕ್ಷಣದ ಜಗಳದಲ್ಲಿ, ವಾದ್ಯದಲ್ಲೇ ಇಲ್ಲದ ಸ್ವರವೊಂದು ಕಿವಿಗೆ ಕೇಳಿದ ಹಾಗಾಗುತ್ತದೆ. ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಇದರಲ್ಲಿ ನಿಸ್ಸೀಮ. ಇಲ್ಲದ ಸ್ವರವನ್ನು ಕೇಳುಗರೇ ತಮ್ಮೊಳಗೆ ಹಾಡಿಕೊಳ್ಳುವಂತೆ ಮಾಡುತ್ತಿದ್ದ.

ಮಾಂಕ್ ಹೆಸರು ಬಂತಲ್ಲ, ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯೂ ಅವನದೇ ಇದೆ. 1957ರಲ್ಲಿ ಅವನ ಹೆಂಡತಿ ನೆಲ್ಲಿ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದಳು. ಮನೆ, ಮಕ್ಕಳು, ಇವನ ಊಟ ತಿಂಡಿ, ಲೆಕ್ಕಪತ್ರ ಎಲ್ಲ ಅವಳ ಕೈಯಲ್ಲಿದ್ದದ್ದು. ಆಗ ಮಾಂಕ್ ಅವಳಿಗಾಗಿ ಒಂದು ಟ್ಯೂನ್ ಬರೆದ, ‘ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ’. ಅದನ್ನು ಅವನು ಎಷ್ಟು ಸಲ ನುಡಿಸಿದರೂ ಬರೆದದ್ದನ್ನೇ ನುಡಿಸಿದ. ಸೋಲೋ ಇಲ್ಲ. ಜೀವನ ಪೂರ್ತಿ ಸ್ಥಳದಲ್ಲೇ ಹೊಸತು ಹುಟ್ಟಿಸಿದ ಮನುಷ್ಯ ಹೆಂಡತಿಯ ಟ್ಯೂನಿನಲ್ಲಿ ಒಂದು ಸ್ವರವನ್ನೂ ಬದಲಾವಣೆಗೆ ಬಿಡಲಿಲ್ಲ. ಅವಳ ವಿಷಯದಲ್ಲಿ ಯಾವುದೂ ಅದೃಷ್ಟದ ಕೈಗೆ ಹೋಗಬಾರದು ಅನ್ನುವ ಭಯ ನನಗೆ ಅಲ್ಲಿ ಕೇಳುತ್ತದೆ. ಖಾಲಿ ಜಾಗ ಬಿಡದಿರುವುದೂ ಒಂದು ತೀರ್ಮಾನ. ಆ ತೀರ್ಮಾನದಲ್ಲಿ ಎಷ್ಟು ಪ್ರೀತಿ ಇದೆ ನೋಡಿ.

ಕನ್ನಡದವರಿಗೆ ಇದು ಹೊಸ ವಿಷಯ ಏನಲ್ಲ. ಬೇಂದ್ರೆಯವರು ತಮ್ಮ ಮಗುವನ್ನು ಕಳೆದುಕೊಂಡ ನೋವಿನಿಂದ ಬರೆದದ್ದು ‘ನೀ ಹೀಂಗ ನೋಡಬ್ಯಾಡ ನನ್ನ’. ಅಲ್ಲಿ ಗಂಡ ತನ್ನ ದುಃಖದ ವರದಿ ಕೊಡುವುದಿಲ್ಲ. ಹೆಂಡತಿಯ ನೋಟವನ್ನು ತಡೆಯಲಾರೆ ಅನ್ನುತ್ತಾನೆ. ಉಳಿದದ್ದು ನಮಗೆ ಬಿಟ್ಟದ್ದು.

ನನ್ನದೇ ಒಂದು ಟ್ಯೂನ್ ಬಗ್ಗೆ ಹೇಳುತ್ತೇನೆ. ಹೆಸರು ‘ಫಸ್ಟ್ ಶಿಫ್ಟ್’. ಅಪ್ಪನ ಬಗ್ಗೆ ಬರೆದದ್ದು.

ಅಪ್ಪ ಪೀಣ್ಯ ಕಡೆಯ ಒಂದು ಕಾರ್ಖಾನೆಯಲ್ಲಿ ಟೂಲ್‌ರೂಮಿನಲ್ಲಿದ್ದರು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಮನೆಗೆ ಬಂದಾಗ ಅವರಿಗೆ ಇನ್ನೂ ದುಡಿಯುವ ವಯಸ್ಸು. ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಸುಮ್ಮನಾದರು. ಫಸ್ಟ್ ಶಿಫ್ಟಿನ ಹೊತ್ತಿಗೇ ಏಳುತ್ತಿದ್ದರು. ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ವರಾಂಡದಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಅಮ್ಮ ಹೊಸ ಸ್ಟೀಲ್ ಡಬ್ಬ ತಂದರೆ ಮುಚ್ಚಳದ ಅಂಚನ್ನು ಹೆಬ್ಬೆರಳಿನಲ್ಲಿ ಒಂದು ಸುತ್ತು ಸವರಿ ನೋಡುತ್ತಿದ್ದರು. ಎಲ್ಲಾದರೂ ಚೂಪು ಉಳಿದಿದ್ದರೆ ಅರದಲ್ಲಿ ಉಜ್ಜಿ, ಮತ್ತೆ ಸವರಿ, ಮಾತಿಲ್ಲದೆ ವಾಪಸ್ ಕೊಡುತ್ತಿದ್ದರು.

ಇದನ್ನು ಸಂಗೀತ ಮಾಡಬೇಕು ಅನ್ನಿಸಿದಾಗ ಒಂದು ವಿಷಯ ನನಗೆ ಮೊದಲೇ ಸ್ಪಷ್ಟ ಇತ್ತು. ಇದು ನಿಧಾನದ, ಮೈನರ್ ಸ್ಕೇಲಿನ ಶೋಕದ ಹಾಡು ಆಗಬಾರದು. ಅಪ್ಪ ಶೋಕದಲ್ಲಿ ಕೂತಿರಲಿಲ್ಲ. ಅವರ ಮೌನಕ್ಕೆ ಒಂದು ನಡಿಗೆ ಇತ್ತು, ದಿನಚರಿ ಇತ್ತು. ಹಾಗಾಗಿ ಮಧ್ಯಮ ಕಾಲ, ಮೇಜರ್ ಸ್ಕೇಲ್. ರಾಗದ ಎಳೆಗೆ ಮೂರೇ ಸ್ವರ ಇಟ್ಟುಕೊಂಡೆ, ಪ ದ ಸ. ಮೋಹನದ ಗೀತೆ ಕಲಿತ ಮಗುವಿಗೂ ಬರುವ ಸ್ವರಗಳು. ಎಂಟು ಬಾರ್‌ನಲ್ಲಿ ಆ ಮೂರೇ ಮತ್ತೆ ಮತ್ತೆ ಬರುತ್ತವೆ. ಕೆಳಗಿನ ಕಾರ್ಡ್ ಮಾತ್ರ ಸಲಕ್ಕೊಂದು ಬದಲಾಗುತ್ತದೆ. ಆಗಲೇ ತೋರಿಸಿದೆನಲ್ಲ, ಅದೇ ಬೆರಳು, ಸರಿಯುವ ನೆಲ. ಅದೇ ಶರ್ಟ್, ಅದೇ ಹೊತ್ತು, ಆದರೆ ಹೋಗಲು ಬಸ್ ಇಲ್ಲ.

32 ಬಾರ್‌ನ ಚೌಕಟ್ಟು. ಮೊದಲ ಎಂಟು, ಅದೇ ಇನ್ನೊಮ್ಮೆ, ಬೇರೆ ಎಂಟು. ಕೊನೆಯ ಎಂಟರಲ್ಲಿ ಮೊದಲಿನ ಎಳೆ ವಾಪಸ್ ಬರಬೇಕು. ಅಲ್ಲಿ ನಾನು ಏನೂ ಬರೆಯಲಿಲ್ಲ. ಪಿಯಾನೊ ಇಲ್ಲ, ಸ್ಯಾಕ್ಸೊಫೋನ್ ಇಲ್ಲ. ಬೇಸ್ ಮಾತ್ರ, ಎಣಿಕೆಗೆ ಒಂದು ಸ್ವರದಂತೆ, ನಡೆಯುತ್ತಾ ಹೋಗುತ್ತದೆ, ಡ್ರಮ್ಸ್ ಬ್ರಷ್‌ನಲ್ಲಿ ಜೊತೆಗಿರುತ್ತದೆ. ಕೇಳುಗರು ಆ ಎಳೆಯನ್ನು ಎರಡು ಸಲ ಕೇಳಿದ್ದಾರೆ. ಮೂರನೇ ಸಲ ಅದು ಅವರ ತಲೆಯಲ್ಲೇ ಓಡುತ್ತದೆ. ಸೋಲೋಗೂ ಇದೇ ನಿಯಮ. ಯಾರು ಎಷ್ಟೇ ಚೆನ್ನಾಗಿ ನುಡಿಸುತ್ತಿರಲಿ, ಕೊನೆಯ ಎಂಟು ಬಾರ್ ಬಂದಾಗ ಕೈ ತೆಗೆಯಬೇಕು.

ಇದು ಯಾರ ಬಗ್ಗೆ ಅಂತ ಬ್ಯಾಂಡಿಗೆ ನಾನು ಹೇಳಿರಲಿಲ್ಲ. ಮೊದಲ ಪ್ರಾಕ್ಟೀಸಿನಲ್ಲಿ ಸ್ಯಾಕ್ಸೊಫೋನ್ ಹುಡುಗ ನಿಲ್ಲಿಸಿ ಕೇಳಿದ: ‘ಅಕ್ಕ, ಸರಿಯಾಗಿ ಬಿಸಿ ಏರೋ ಹೊತ್ತಿಗೆ ಬಿಡು ಅಂತೀರಲ್ಲ. ಮಾತಿನ ಮಧ್ಯೆ ಎಬ್ಬಿಸಿ ಕಳಿಸಿದ ಹಾಗಾಗುತ್ತೆ.’

‘ಹೌದಪ್ಪ, ಹಾಗೇ ಆಗಬೇಕು,’ ಅಂದೆ.

ಬೇಸ್ ನುಡಿಸುವವನು ಶಿವಮೊಗ್ಗ ಕಡೆಯವನು, ಮಾತು ಕಡಿಮೆ. ‘ಅಕ್ಕ, ಆ ಎಂಟು ಬಾರ್‌ನಲ್ಲಿ ನಾನೇನಾದ್ರೂ ಸ್ಪೆಷಲ್ ಮಾಡ್ಬೇಕಾ?’

‘ಏನೂ ಬೇಡ. ನಡೀತಾ ಇರು. ಯಾರೂ ನೋಡ್ತಿಲ್ಲ ಅಂದ್ಕೊಂಡು ನಡಿ.’

ಅವನು ಹಾಗೇ ಮಾಡಿದ. ಆದರೆ ಒಂದೊಂದು ಸುತ್ತಿಗೂ ಅವನ ನಡಿಗೆ ಬೇರೆ ಆಗುತ್ತಿತ್ತು. ಸ್ಯಾಕ್ಸೊಫೋನ್ ಸಿಟ್ಟಿನಲ್ಲಿ ಬಿಟ್ಟುಹೋದರೆ ಇವನು ಸಮಾಧಾನದಲ್ಲಿ ನಡೆಯುತ್ತಿದ್ದ. ನಾನು ಮೆತ್ತಗೆ ಮುಗಿಸಿದರೆ ಇವನು ಒಂದು ಸ್ಥಾಯಿ ಕೆಳಗೆ ಇಳಿದು ಭಾರವಾಗಿ ಹೆಜ್ಜೆ ಇಡುತ್ತಿದ್ದ. ನನ್ನ ಅಪ್ಪನನ್ನು ಅವನು ನೋಡಿಯೂ ಇರಲಿಲ್ಲ. ಆದರೂ ನನಗೆ ಗೊತ್ತಿಲ್ಲದ ಅಪ್ಪ ಅಲ್ಲಿ ನಡೆಯುತ್ತಿದ್ದರು. ಆ ಎಂಟು ಬಾರ್‌ಗಳನ್ನು ನಾನೇ ಬರೆದು ತುಂಬಿಸಿದ್ದರೆ ನನಗೆ ಗೊತ್ತಿದ್ದ ಅಪ್ಪ ಮಾತ್ರ ಉಳಿಯುತ್ತಿದ್ದರು.

ಇಂದಿರಾನಗರದಲ್ಲಿ ಇದನ್ನು ನುಡಿಸಿದ ಒಂದು ಸಂಜೆ ಅಪ್ಪ ಅಮ್ಮ ಬಂದಿದ್ದರು. ಟ್ಯೂನಿನ ಹೆಸರು ಹೇಳಿದ್ದೆ, ಬೇರೇನೂ ಹೇಳಿರಲಿಲ್ಲ. ಮುಗಿದ ಮೇಲೆ ಅಪ್ಪ ಅಂದರು: ‘ಆ ದೊಡ್ಡ ಪಿಟೀಲಿನ ಹುಡುಗ ಒಬ್ಬನೇ ಉಳ್ಕೋತಾನಲ್ಲ, ಅಲ್ಲಿ ಚೆನ್ನಾಗಿತ್ತು ಕಣಮ್ಮ.’ ಆಮೇಲೆ ಆಟೋ ಸಿಗುತ್ತೋ ಇಲ್ಲವೋ ಅಂತ ಅಮ್ಮನ ಹತ್ತಿರ ಮಾತಾಡತೊಡಗಿದರು. ನನಗೆ ಅಷ್ಟು ಸಾಕಾಗಿತ್ತು. ಅವರು ಮೆಚ್ಚಿದ ಜಾಗದಲ್ಲಿ ನಾನು ಒಂದು ಸ್ವರವನ್ನೂ ನುಡಿಸಿರಲಿಲ್ಲ.

ಸ್ವಂತ ನೋವು ಬೇರೆ, ಎಲ್ಲರ ನೋವು ಬೇರೆ ಅಂತ ಕೆಲವರು ಭಾಗ ಮಾಡುತ್ತಾರೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ‘ಅಲಬಾಮ’ ಕೇಳಿದರೆ ಆ ಭಾಗ ನಿಲ್ಲುವುದಿಲ್ಲ. 1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚ್ ಒಂದಕ್ಕೆ ಜನಾಂಗದ್ವೇಷಿಗಳು ಬಾಂಬ್ ಇಟ್ಟರು. ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ನವೆಂಬರ್ 18ಕ್ಕೆ ಕೋಲ್ಟ್ರೇನ್ ಈ ಟ್ಯೂನ್ ರೆಕಾರ್ಡ್ ಮಾಡಿದ. ಶುರುವಿನಲ್ಲಿ ತಾಳ ಇಲ್ಲ. ಮೆಕಾಯ್ ಟೈನರ್ ಪಿಯಾನೊದ ಕೆಳಸ್ಥಾಯಿಯಲ್ಲಿ ಒಂದೇ ಆಧಾರವನ್ನು ಗುಡುಗಿನಂತೆ ಹಿಡಿದಿರುತ್ತಾನೆ. ಅದರ ಮೇಲೆ ಸ್ಯಾಕ್ಸೊಫೋನ್ ಒಂದೊಂದೇ ಸಾಲು ಹೇಳುತ್ತದೆ. ಆಲಾಪನೆ ಕೇಳಿ ಬೆಳೆದ ಯಾರಿಗಾದರೂ ಮೊದಲ ನಿಮಿಷದಲ್ಲೇ ಇದು ಒಳಗೆ ಇಳಿಯುತ್ತದೆ. ಕೂಗಾಟ ಇಲ್ಲ. ಕೂಗುವ ಶಕ್ತಿ ಅವನಿಗೆ ಎಷ್ಟಿತ್ತು ಅನ್ನೋದು ಅವನ ಬೇರೆ ರೆಕಾರ್ಡ್ ಕೇಳಿದವರಿಗೆ ಗೊತ್ತು. ಆ ಶಕ್ತಿಯನ್ನೆಲ್ಲ ತಡೆದು ಹಿಡಿದಿದ್ದಾನೆ ಅನ್ನೋದೇ ಮೈ ಜುಮ್ಮೆನ್ನಿಸುತ್ತದೆ.

ಅದರ ಮರುವರ್ಷ ಡಿಸೆಂಬರ್ 9ಕ್ಕೆ ಅವನು ‘ಎ ಲವ್ ಸುಪ್ರೀಮ್’ ರೆಕಾರ್ಡ್ ಮಾಡಿದ. ನಾಲ್ಕು ಭಾಗ. ಕೊನೆಯ ಭಾಗದಲ್ಲಿ ದೇವರಿಗೆ ತಾನೇ ಬರೆದ ಒಂದು ಪ್ರಾರ್ಥನೆಯನ್ನು ಸ್ಯಾಕ್ಸೊಫೋನಿನಲ್ಲಿ ಅಕ್ಷರ ಅಕ್ಷರವಾಗಿ ನುಡಿಸುತ್ತಾನೆ. ಬಾಯಿಂದ ಒಂದು ಪದ ಹಾಡುವುದಿಲ್ಲ. ಪದ್ಯ ರೆಕಾರ್ಡಿನ ಹೊದಿಕೆಯಲ್ಲಿ ಅಚ್ಚಾಗಿದೆ, ಹಿಡಿದುಕೊಂಡು ಕೇಳಿದರೆ ಸಾಲು ಸಾಲೂ ಕೂಡುತ್ತದೆ. ಪಿಟೀಲು ಕಲಿಯುವವರಿಗೆ ಗುರುಗಳು ‘ಸಾಹಿತ್ಯ ಕೇಳಬೇಕು, ಬರೀ ಸ್ವರ ಅಲ್ಲ’ ಅಂತ ಹೇಳುತ್ತಿರುತ್ತಾರಲ್ಲ, ಅದೇ ಕೆಲಸ. ನಿಮ್ಮ ಕೈಗೆ ಈ ವಿದ್ಯೆ ಆಗಲೇ ಇದೆ. ಜಾಝ್ ಕಲಿಯಲು ಬರುವ ನಮ್ಮ ಹುಡುಗರು ಅದನ್ನು ಬಾಗಿಲಲ್ಲೇ ಬಿಟ್ಟು ಬರುತ್ತಾರೆ. ನನಗೆ ಅದು ನಿಜವಾಗಿ ಬೇಸರದ ವಿಷಯ.

ಇನ್ನು ವೇದಿಕೆಯ ಮೇಲಿನ ಮಾತು. ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ: ‘ದುಃಖದಲ್ಲಿ ಬರೆದ ಟ್ಯೂನನ್ನು ಖುಷಿಯಾಗಿರುವ ದಿನ ನುಡಿಸೋದು ಸುಳ್ಳಾಗುವುದಿಲ್ಲವೇ?’ ತುಂಬ ಒಳ್ಳೆಯ ಪ್ರಶ್ನೆ. ಬರೆಯುವಾಗ ನಾನು ಒಬ್ಬಳೇ, ಅಪ್ಪನ ನೆನಪು ಜೊತೆಗಿತ್ತು. ವೈಟ್‌ಫೀಲ್ಡಿನಲ್ಲೋ ಇಂದಿರಾನಗರದಲ್ಲೋ ಶುಕ್ರವಾರ ರಾತ್ರಿ ನುಡಿಸುವಾಗ ಎದುರು ಗ್ಲಾಸಿನ ಸದ್ದು, ಯಾರದೋ ಬರ್ತ್‌ಡೇ, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂತು ಬಂದ ಸುಸ್ತು. ಆಗ ಅಪ್ಪನ ದುಃಖವನ್ನು ಬಲವಂತವಾಗಿ ಕರೆಯಲು ಹೋದರೆ ಬರೋದು ನಾಟಕ. ನಾನು ಹಾಗೆ ಕರೆಯುವುದಿಲ್ಲ. ಡ್ರಮ್ಸ್‌ನವನ ಸಿಂಬಲ್ (ಲೋಹದ ತಟ್ಟೆ) ಕೇಳುತ್ತೇನೆ. ಇವತ್ತು ಅವನು ಮುಂದೆ ತಳ್ಳುತ್ತಿದ್ದಾನಾ, ಹಿಂದೆ ಒರಗಿದ್ದಾನಾ? ಬೇಸ್ ಯಾವ ಸ್ವರದಿಂದ ಶುರು ಮಾಡಿದ? ಅದಕ್ಕೆ ಉತ್ತರ ಕೊಡುತ್ತೇನೆ. ಭಾವನೆಯನ್ನು ಟ್ಯೂನಿನ ಒಳಗೆ ಆಗಲೇ ಕಟ್ಟಿ ಇಟ್ಟಾಗಿದೆ. ಆ ಎಂಟು ಬಾರ್ ಖಾಲಿಯಾಗಿಯೇ ಬರುತ್ತವೆ, ನಾನು ಅಂದು ನಗುತ್ತಿದ್ದರೂ. ಅವತ್ತು ಖುಷಿಯಾಗಿದ್ದರೆ ನಡಿಗೆ ಹಗುರ ಆಗುತ್ತದೆ. ಆಗಲಿ. ಅಪ್ಪನೂ ಎಲ್ಲ ದಿನ ಒಂದೇ ತರ ಇರಲಿಲ್ಲ.

ಬಿಲ್ ಇವಾನ್ಸ್ ಅನ್ನುವ ಪಿಯಾನೊ ವಾದಕನ ತಂಡದಲ್ಲಿ ಸ್ಕಾಟ್ ಲಫಾರೊ ಬೇಸ್ ನುಡಿಸುತ್ತಿದ್ದ. ಬೇಸ್ ಹಿಂದೆ ನಿಲ್ಲಬೇಕು ಅನ್ನುವ ಪದ್ಧತಿ ಮುರಿದು ಇಬ್ಬರೂ ಸಮಸಮ ಮಾತಾಡುತ್ತಿದ್ದರು. 1961ರ ಜೂನ್ 25ಕ್ಕೆ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಜಾಝ್ ಕ್ಲಬ್ಬಿನಲ್ಲಿ ಅವರ ಕಚೇರಿ ರೆಕಾರ್ಡ್ ಆಯಿತು. ಜುಲೈ 6ಕ್ಕೆ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ವೇದಿಕೆ ಹತ್ತಲಿಲ್ಲ. ದುಃಖವನ್ನು ಸಂಗೀತ ಮಾಡು ಅಂತ ಹೇಳುವುದು ಸುಲಭ. ಆದರೆ ಯಾರ ಜೊತೆ ಮಾತಾಡಿ ಮಾಡಬೇಕೋ ಅವರೇ ಹೋದಾಗ ಸಂಗೀತವೂ ಸ್ವಲ್ಪ ಕಾಲ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ನುಡಿಸಲೇಬೇಕು ಅಂತ ನಿಮ್ಮ ಮೇಲೆ ನೀವು ಒತ್ತಡ ಹಾಕಿಕೊಳ್ಳಬೇಡಿ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ನಿಮಗೆ ಹತ್ತಿರದ ಒಬ್ಬರನ್ನು ನೆನೆದು ಎಂಟು ಬಾರ್ ಬರೆಯಿರಿ. ಅವರ ಮೇಲೆ ನಿಮಗೆ ಎಷ್ಟು ಪ್ರೀತಿ ಅಂತ ಬರೆಯಲು ಹೋಗಬೇಡಿ. ಅವರು ಮೆಟ್ಟಿಲು ಹೇಗೆ ಹತ್ತುತ್ತಾರೆ, ಫೋನಿನಲ್ಲಿ ಎಲ್ಲಿ ಮಾತು ನಿಲ್ಲಿಸುತ್ತಾರೆ, ಅದನ್ನು ಬರೆಯಿರಿ. ಎಂಟರಲ್ಲಿ ಎರಡು ಬಾರ್ ಖಾಲಿ ಬಿಡಿ. ಯಾವ ಎರಡು ಅನ್ನೋದನ್ನು ಚೆನ್ನಾಗಿ ಯೋಚಿಸಿ ಬಿಡಿ. ಆಮೇಲೆ ಇನ್ನಿಬ್ಬರ ಕೈಗೆ ಕೊಡಿ, ಯಾರ ಬಗ್ಗೆ ಅಂತ ಹೇಳದೆ. ಸ್ಯಾಕ್ಸೊಫೋನ್ ಬೇಕೇ ಬೇಕು ಅಂತಿಲ್ಲ. ವೀಣೆ ಆಗುತ್ತದೆ, ಖಂಜಿರ ಆಗುತ್ತದೆ, ಬರೀ ದನಿಯೂ ಆಗುತ್ತದೆ.

ಹಾಲ್ ಇನ್ನೂ ಅರ್ಧ ಗಂಟೆ ನಮ್ಮ ಹತ್ತಿರ ಇರುತ್ತದೆ ಅಂತ ಹೇಳಿದ್ದಾರೆ. ಮೃದಂಗ ತಂದವರು, ಆ ಗಿಟಾರ್ ಹುಡುಗರು ಮುಂದೆ ಬನ್ನಿ. ನೀವು ಬರೆಯುವ ತನಕ ‘ಫಸ್ಟ್ ಶಿಫ್ಟ್’ ನುಡಿಸೋಣ. ಪ ದ ಸ ಎಲ್ಲರಿಗೂ ಬರುತ್ತದಲ್ಲ? ಕೊನೆಯ ಎಂಟು ಬಾರ್ ಮೃದಂಗದವರದು.